ಹೊಳೆಯ ಕೆಳಗಿನ ಬರಿಗಾಲ ದಾರಿ

ಹೆದರಿದ ಮನುಷ್ಯನ ನಾಲಗೆ ಅವನ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಗುಣಪಾಲನ ನಾಲಗೆ ಆ ದಿನ ನಾಲ್ಕು ಹೆಜ್ಜೆ ಮುಂದೆ ನಡೆದುಬಿಟ್ಟಿತ್ತು.

ಅದು ಎರಡು ಸಾವಿರದ ಹದಿನಾರನೇ ಇಸವಿಯ ಏಪ್ರಿಲ್. ದುಬೈಯ ದೇರಾ ಭಾಗದಲ್ಲಿ, ಮೀನು ಮಾರ್ಕೆಟ್ಟಿನ ವಾಸನೆ ತಲುಪುವಷ್ಟು ಹತ್ತಿರದ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಅವನ ಬಿಡಾರ. ಮಗಳು ಅಶ್ಮಿತಾ ಬೆಳಿಗ್ಗೆ ಬಾತ್‌ರೂಮಿನಿಂದ ಹೊರಗೆ ಬಂದವಳು, ಕೈಯಲ್ಲೊಂದು ಪ್ಲಾಸ್ಟಿಕ್ ಕಡ್ಡಿ ಹಿಡಿದುಕೊಂಡು, ನಗಲಿಕ್ಕೂ ಧೈರ್ಯವಿಲ್ಲದೆ ನಿಂತಳು. ಹಿಂದೆ ಎರಡು ಸಲ ಹೀಗೆಯೇ ನಿಂತಿದ್ದಳು. ಆಗ ನಕ್ಕಿದ್ದಳು. ಎರಡು ಸಲವೂ ಐದನೇ ತಿಂಗಳಿಗೆ ಎಲ್ಲ ಮುಗಿದಿತ್ತು.

ಗುಣಪಾಲ ಅಡುಗೆಕೋಣೆಗೆ ಹೋದ. ಫ್ರಿಜ್ಜಿನ ಮೇಲೆ ಹಾಲಿನ ಪುಡಿಯ ಖಾಲಿ ಡಬ್ಬಿಯೊಂದಿತ್ತು. ಅದರೊಳಗೆ ಊರಿನ ಮನೆತನದ ದೈವ ಜುಮಾದಿಯ ಗಂಧಪ್ರಸಾದ. ಮೂವತ್ತೊಂದು ವರ್ಷದ ದುಬೈ ವಾಸದಲ್ಲಿ ಅವನಿಗೆ ಗುಡಿಯೂ ಅದೇ, ಗೋಪುರವೂ ಅದೇ. ಡಬ್ಬಿಯ ಎದುರು ಕೈಮುಗಿದು, ಕಣ್ಣುಮುಚ್ಚಿ, ಅಜ್ಜಿ ಹೇಳುತ್ತಿದ್ದ ಮಾತು ಹೇಗೆ ಬಾಯಿಗೆ ಬಂತೋ ಹಾಗೆ ಹೇಳಿದ: "ಸ್ವಾಮೀ, ಈ ಒಂದನ್ನು ಉಳಿಸಿಕೊಡು. ಹೆರಿಗೆಯಾಗುವ ತನಕ ಹುಡುಗಿಯನ್ನು ಹೊಳೆ ದಾಟಿಸುವುದಿಲ್ಲ. ಅವಳ ಜೊತೆಗೆ ನಾನೂ ದಾಟುವುದಿಲ್ಲ."

ಬಸುರಿ ಹೊಳೆ ದಾಟಬಾರದು ಎನ್ನುವುದು ಅವರ ಕಡೆಯ ಹಳೆಯ ಕಟ್ಟಳೆ. ಅವನ ಊರು ಶಾಂಭವಿ ಹೊಳೆಯ ಬಡಗು ದಡದಲ್ಲಿ. ಅಲ್ಲಿ ಸೂಲಗಿತ್ತಿಯೂ ಬಡಗು ದಡದವಳೇ, ಅಂಗಡಿಯೂ ಅದೇ ದಡ, ಆಸ್ಪತ್ರೆ ಬಂದಾಗ ಅದೂ ಅದೇ ದಡಕ್ಕೆ ಬಂತು. ಹೊಳೆ ದಾಟದೆ ಇದ್ದುದರಿಂದ ಯಾವ ಬಸುರಿಗೂ ಯಾವ ನಷ್ಟವೂ ಆಗಿರಲಿಲ್ಲ. ಗುಣಪಾಲ ಕಣ್ಣು ತೆರೆದ. ಎದುರಿಗೆ ಡಬ್ಬಿ, ಡಬ್ಬಿಯ ಆಚೆ ಕಿಟಕಿ, ಕಿಟಕಿಯ ಆಚೆ ದುಬೈಯ ಖೋರ್, ಊರನ್ನು ಎರಡಾಗಿ ಸೀಳಿಕೊಂಡು ಒಳಗೆ ಬಂದ ಉಪ್ಪುನೀರಿನ ಹೊಳೆ. ಅದರ ಆಚೆ ದಡ ಬರ್ ದುಬೈ. ಮಗಳ ಆಸ್ಪತ್ರೆ ಇದ್ದದ್ದು ಬರ್ ದುಬೈಯಲ್ಲಿ.

"ಎಂತ ಹೇಳಿದಿರಿ ಈಗ ನೀವು?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಲಜಾಕ್ಷಿ ಕೇಳಿದಳು.

"ಹೇಳಿ ಆಯ್ತು," ಎಂದ ಗುಣಪಾಲ ಸಣ್ಣ ಸ್ವರದಲ್ಲಿ.

ಆಸ್ಪತ್ರೆ ಬದಲಿಸುವ ಹಾಗಿರಲಿಲ್ಲ. ಅಳಿಯ ರೋಷನ್ ದೂರದ ಮದೀನತ್ ಜಾಯೆದ್‌ನಲ್ಲಿ ಗ್ಯಾಸ್ ಕಂಪೆನಿಯ ಕೆಲಸಕ್ಕಿದ್ದ. ವಾರದ ರಜೆಗೆ ಮಾತ್ರ ಬರುತ್ತಿದ್ದ. ಅವನ ಕಂಪೆನಿಯ ವಿಮೆಯ ಕಾಗದದಲ್ಲಿದ್ದದ್ದು ಅದೊಂದೇ ಆಸ್ಪತ್ರೆ. ಹಿಂದಿನ ಎರಡು ದುಃಖವನ್ನೂ ಕಂಡು, ಈ ಸಲ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿದ್ದ ಡಾಕ್ಟರ್ ವೆಲಿಟಾ ಇದ್ದದ್ದೂ ಅಲ್ಲೇ.

"ಅದು ಹೊಳೆಯೇ ಅಲ್ಲ ಮಾರಾಯ್ರೆ," ಜಲಜಾಕ್ಷಿ ವಾದ ಹೂಡಿದಳು. "ಸಮುದ್ರದ ನಾಲಗೆ ಅದು. ನೀರು ಉಪ್ಪು."

"ಈಗ ದೈವಕ್ಕೆ ಉಪ್ಪು ನೋಡುವ ಕೆಲಸ ಕೊಡ್ಬೇಕಾ?"

"ಹಾಗಾದ್ರೆ ಊರಿಂದ ಬರುವಾಗ ಇಡೀ ಸಮುದ್ರ ದಾಟಿದ್ದೀರಲ್ಲ?"

"ಆಗ ಮಾತು ಕೊಟ್ಟಿರಲಿಲ್ಲ," ಎಂದ ಗುಣಪಾಲ.

ದೇವರು ಮನುಷ್ಯನಿಗೆ ಒಂದು ಬಾಗಿಲು ಮುಚ್ಚಿದರೆ ಅರವತ್ತೆಂಟು ಕಿಲೋಮೀಟರು ಆಚೆ ಇನ್ನೊಂದು ತೆರೆದಿಟ್ಟಿರುತ್ತಾನೆ. ಗುಣಪಾಲನಿಗೆ ಅದು ನಕ್ಷೆಯಲ್ಲಿ ಸಿಕ್ಕಿತು. ಜೆಬೆಲ್ ಅಲಿಯ ಒಂದು ಗೋದಾಮು ಕಂಪೆನಿಯಲ್ಲಿ ಬಸ್ಸುಗಳ ಮೇಲ್ವಿಚಾರಕ ಅವನು. ರಸ್ತೆಯೆಂದರೆ ಅವನಿಗೆ ಅಂಗೈಯ ಗೆರೆ. ಖೋರ್ ಎಷ್ಟು ಉದ್ದವಿದ್ದರೂ ಅದಕ್ಕೊಂದು ಕೊನೆ ಉಂಟಲ್ಲ? ದೇರಾದಿಂದ ಹೊರಟು ಹೊಳೆಗೆ ಬೆನ್ನು ಹಾಕಿ ಮಿರ್ದಿಫ್ ದಾಟಿ, ಮರುಭೂಮಿಯ ಅಂಚಿನ ದೊಡ್ಡ ರಸ್ತೆ ಹಿಡಿದು, ಅಲ್ ಬರ್ಶಾದ ಹತ್ತಿರ ತಿರುಗಿ, ಶೇಖ್ ಜಾಯೆದ್ ರಸ್ತೆಯಲ್ಲಿ ವಾಪಸು ಬಂದರೆ ಬರ್ ದುಬೈ. ಒಂದು ಹನಿ ನೀರು ಅಡ್ಡ ಬರುವುದಿಲ್ಲ. ಸೇತುವೆಯ ಮೇಲೆ ಹತ್ತು ನಿಮಿಷದ ಆಸ್ಪತ್ರೆಗೆ ಈ ದಾರಿಯಲ್ಲಿ ಒಂದೂವರೆ ಗಂಟೆ.

"ದೇರಾದಿಂದ ಒಂದೂವರೆ ಗಂಟೆಯಾ?" ಡಾಕ್ಟರ್ ವೆಲಿಟಾ ಕನ್ನಡಕ ತೆಗೆದು ಕೇಳಿದರು. "ಯಾವ ದೇರಾ ಅದು?"

"ಟ್ರಾಫಿಕ್," ಎಂದ ಗುಣಪಾಲ.

ಅದೇ ಉತ್ತರವನ್ನು ಅವನು ಬಸ್ ಡ್ರೈವರ್ ಮೊಹಮ್ಮದನಿಗೂ ಕೊಟ್ಟಿದ್ದ. ಯಾಕೆಂದರೆ ಕೊಟ್ಟ ಮಾತು ಗುಣಪಾಲನ ತಲೆಯ ಮೇಲೂ ಇತ್ತಲ್ಲ. ದಿನಾ ಜೆಬೆಲ್ ಅಲಿಗೆ ಹೋಗುವ ಕಂಪೆನಿ ಬಸ್ಸು ಸೇತುವೆ ಹತ್ತುವ ಹಾಗಿಲ್ಲ. ದಾರಿ ಬರೆಯುವ ಅಧಿಕಾರ ಅವನದೇ. ಬರೆದ. ಆ ಬಸ್ಸಿನಲ್ಲಿ ನಲವತ್ತು ಜನ: ಮಲಯಾಳಿಗಳು, ನೇಪಾಳಿಗಳು, ಪಠಾಣರು, ತಿರುಚ್ಚಿಯ ಇಬ್ಬರು ಅಣ್ಣತಮ್ಮಂದಿರು. ತಮಗೆ ಗೊತ್ತೇ ಇಲ್ಲದ ಒಂದು ದೈವಕ್ಕೆ, ತಾವು ನೋಡಿಯೇ ಇರದ ಒಂದು ಹುಡುಗಿಗಾಗಿ, ಅಷ್ಟು ಜನ ಏಳು ತಿಂಗಳು ನಿದ್ದೆ ಮಾಡುತ್ತಲೇ ಹರಕೆ ನಡೆಸಿದರು. ಯಾರ ಪುಣ್ಯ ಯಾರ ಬಸ್ಸಿನಲ್ಲಿ ಕೂತಿರುತ್ತದೋ, ಹೇಳಲಿಕ್ಕಾಗುವುದಿಲ್ಲ.

ಐದನೇ ತಿಂಗಳು ಬಂತು. ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡಲಿಲ್ಲ. ಐದನೇ ತಿಂಗಳು ಹೋಯಿತು. ಗುಣಪಾಲ ಡಬ್ಬಿಯ ಎದುರು ನಿಂತು ಕಣ್ಣೊರಸಿಕೊಂಡ. ಮಗು ಒದೆಯಲಿಕ್ಕೆ ಶುರುಮಾಡಿತು.

"ಅದು ಒದೆಯುವುದು ಖುಷಿಗಲ್ಲ ಪಪ್ಪಾ," ಕಾರಿನ ಹಿಂದಿನ ಸೀಟಿನಿಂದ ಅಶ್ಮಿತಾ ಹೇಳಿದಳು. "It's bored. ಅದಕ್ಕೂ ಗೊತ್ತಾಗಿದೆ ಇದು ಸುತ್ತು ದಾರಿ ಅಂತ. ಮಿರ್ದಿಫ್‌ನಲ್ಲೊಮ್ಮೆ ನಿಲ್ಲಿಸಿ, ಬರ್ಶಾದಲ್ಲೊಮ್ಮೆ ನಿಲ್ಲಿಸಿ."

"ಹೋದ ತಿಂಗಳು ಬರ್ಶಾದಲ್ಲಿ ಮಾತ್ರ ನಿಲ್ಲಿಸಿದ್ದಲ್ಲ?"

"ಹರಕೆ ನಿಮ್ಮದು," ಜಲಜಾಕ್ಷಿ ಹೇಳಿದಳು, "ಮೂತ್ರ ಕಟ್ಟಿಕೊಂಡು ಕೂತುಕೊಳ್ಳುವುದು ನನ್ನ ಮಗಳು. ನಿಲ್ಲಿಸಿ ಸುಮ್ಮನೆ."

ಆ ಬೇಸಿಗೆಯಲ್ಲಿ ಶೇಖ್ ಜಾಯೆದ್ ರಸ್ತೆಯ ನಡುವೆ ಒಂದು ವಿಚಿತ್ರ ಇತ್ತು. ನೆಟ್ಟಗೆ ಹೋಗುತ್ತಿದ್ದ ರಸ್ತೆ ಅಲ್ಲೊಂದು ಕಡೆ ಕಾರಣವಿಲ್ಲದೆ ಗುಡ್ಡ ಹತ್ತಿ ಇಳಿಯುತ್ತಿತ್ತು. ಸೇತುವೆ ಅದು. ಆದರೆ ಅದರ ಕೆಳಗೆ ನೀರಿಲ್ಲ. ಒಣ ಹೊಂಡ, ನಾಲ್ಕು ಜೆಸಿಬಿ, ಹೆಲ್ಮೆಟ್ ಹಾಕಿಕೊಂಡು ಊಟ ಮಾಡುವ ಜನ. ಹೊಳೆ ಇಲ್ಲದ ಸೇತುವೆ ದಾಟಿದರೆ ದೋಷವಿಲ್ಲ ಎಂದು ಗುಣಪಾಲ ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಹೊಳೆ ಬರುವ ಮೊದಲೇ ಸೇತುವೆ ಕಟ್ಟಿ ಕಾದು ಕೂರುವ ಊರು ಇದು ಎನ್ನುವುದು, ಮೂವತ್ತೊಂದು ವರ್ಷ ಇದ್ದೂ, ಅವನ ತಲೆಗೆ ಹೊಳೆದಿರಲಿಲ್ಲ.

ನವೆಂಬರ್ ಮೊದಲ ವಾರ. ಅಶ್ಮಿತಾಳಿಗೆ ಒಂಬತ್ತು ತುಂಬುತ್ತಾ ಬಂದಿತ್ತು. ಬರ್ಶಾದಲ್ಲಿ ನಿಲ್ಲಿಸಿ, ಹೊರಟು, ಆ ಸೇತುವೆಯ ಹತ್ತಿರ ಬರುವಾಗ ದೂರದಿಂದಲೇ ಏನೋ ಪಳಪಳ ಎಂದಿತು.

"ಪಪ್ಪಾ," ಎಂದಳು ಅಶ್ಮಿತಾ, "ನೀರು."

ಹೊಂಡದ ತುಂಬಾ ನೀರು. ನೀಲಿ, ಹೊಸ ನೀರು. ಖೋರಿನ ಬಾಲವನ್ನು ಉದ್ದಕ್ಕೆ ಎಳೆದು ತಂದು, ಊರಿನ ಹೊಟ್ಟೆಯೊಳಗಿನಿಂದ ಸಮುದ್ರಕ್ಕೆ ಜೋಡಿಸಿಬಿಟ್ಟಿದ್ದರು. ನಕ್ಷೆ ಗುಣಪಾಲನ ಕಣ್ಣೆದುರು ತಾನೇ ತಿದ್ದಿಕೊಂಡಿತು: ಆಸ್ಪತ್ರೆ ಇರುವ ಬರ್ ದುಬೈ ಈಗ ನಾಲ್ಕು ಸುತ್ತಲೂ ನೀರಿರುವ ದ್ವೀಪ. ಒಣ ದಾರಿ ಎನ್ನುವುದು ಇನ್ನು ಭೂಮಿಯ ಮೇಲೆ ಇಲ್ಲ.

ಸೇತುವೆಗೆ ಮುನ್ನೂರು ಮೀಟರು ಇರುವಾಗ ಅವನು ಸ್ಟಿಯರಿಂಗ್ ತಿರುಗಿಸಿ ಪಕ್ಕದ ರಸ್ತೆಗೆ ಇಳಿದ. ಹಿಂದಿನವನು ಹಾರ್ನಿನಲ್ಲೇ ಅವನ ವಂಶವನ್ನು ನೆನೆದ. ಆಸ್ಪತ್ರೆಯ ಕಟ್ಟಡದ ನೆತ್ತಿ ಅಲ್ಲಿಂದಲೇ ಕಾಣುತ್ತಿತ್ತು. ಅದನ್ನು ನೋಡಿಕೊಂಡು ಕಾರು ವಾಪಸು ಹೊರಟಿತು. ಬರ್ಶಾದಲ್ಲಿ ನಿಲ್ಲಿಸಬೇಕಾ ಎಂದು ಕೇಳುತ್ತಾ ಅವನು ಕನ್ನಡಿಯಲ್ಲಿ ನೋಡಿದ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು, ಸ್ವರವಿಲ್ಲದೆ ಅಳುತ್ತಿದ್ದಳು.

"ಹೆರಿಗೆ ಎಲ್ಲಿ ಪಪ್ಪಾ, ಈ ಕಾರಿನಲ್ಲಾ?" ಎಂದಳು ಮನೆ ತಲುಪುವಾಗ. ಅಷ್ಟೇ.

ಆ ಸಂಜೆ ಪಕ್ಕದ ಬಿಡಾರದ ಹರ್ಬರ್ಟ್, ಹೆಂಡತಿ ಎಲ್ಸಿ ಮಾಡಿದ, ಇಡ್ಲಿಯಂಥ ಸಾನ್ನದ ತಟ್ಟೆ ಹಿಡಿದುಕೊಂಡು ಬಂದ. ಶಿರ್ವದ ಕಡೆಯ ಕೊಂಕಣಿ ಕ್ರಿಸ್ತುವರ ಮನುಷ್ಯ. ಖೋರಿನ ಬಾಯಿಯಲ್ಲಿ, ಶಿಂದಗಾದ ಹತ್ತಿರ, ನೀರಿನ ಅಡಿಯಲ್ಲೊಂದು ಸುರಂಗ ಉಂಟು. ಅದರ ಪಂಪುಗಳನ್ನು ಕಾಯುವ ಕೆಲಸದಲ್ಲಿ ಅವನಿಗೆ ಇಪ್ಪತ್ತೇಳು ವರ್ಷ. ಸುರಂಗದೊಳಗೆ ನೀರು ಬಂದರೆ ಗಂಟೆ ಬಾರಿಸುವುದು ಅವನ ಕರ್ತವ್ಯ. ಇಪ್ಪತ್ತೇಳು ವರ್ಷದಲ್ಲಿ ನೀರು ಬಂದಿರಲಿಲ್ಲ.

ಎಲ್ಲ ಕೇಳಿ ಹರ್ಬರ್ಟ್ ಸಾನ್ನ ಮುರಿಯುತ್ತಾ ಹೇಳಿದ: "ಮೇಲಿಂದ ಆಗುವುದಿಲ್ಲ ಅಂದ್ರೆ ಕೆಳಗಿಂದ ಹೋಗುವ ಮಾರಾಯ."

"ಕೆಳಗಿಂದ ಹೋದರೂ ದಾಟಿದ ಹಾಗೇ ಅಲ್ವಾ?"

"ಅದು ನಿನ್ನ ದೈವದ ಹತ್ತಿರ ಕೇಳು. ನನ್ನ ಸುರಂಗದ ವಿಷಯ ನಾನು ಹೇಳ್ತೇನೆ." ಹರ್ಬರ್ಟನಿಗೆ ತನ್ನ ಸುರಂಗದ ಚರಿತ್ರೆ ಹೇಳುವುದೆಂದರೆ ಬೇರೆಯವರಿಗೆ ಮೊಮ್ಮಕ್ಕಳ ಫೋಟೋ ತೋರಿಸಿದ ಹಾಗೆ. "ಮೊದಲು ಇಲ್ಲಿ ದೋಣಿ ಮಾತ್ರ. ಆಮೇಲೆ ಒಂದು ಸೇತುವೆ ಮಾಡಿದ್ರು, ಮೇಲೆ ಅಲ್ಲಿ ಒಳಗೆ. ಖೋರಿನ ಬಾಯಿಯಲ್ಲಿ ಸೇತುವೆ ಕಟ್ಟಿದ್ರೆ ಎತ್ತರದ ಕಂಬದ ಹಡಗು ಒಳಗೆ ಬರುವುದು ಹೇಗೆ? ಹಾಗೆ ಎಪ್ಪತ್ತೈದರಲ್ಲಿ ಈ ಸುರಂಗ. ಹಡಗು ತಲೆ ಎತ್ತಿ ಹೋಗಲಿ ಅಂತ ಮನುಷ್ಯ ತಲೆ ತಗ್ಗಿಸಿದ, ನೋಡು. ಕಾರಿಗೆ ಒಂದು ದಾರಿ, ನಡೆಯುವವರಿಗೆ ಪಕ್ಕದಲ್ಲೇ ಇನ್ನೊಂದು. ಜೂನ್ ತಿಂಗಳಲ್ಲಿ ಬಂದು ನೋಡು ನೀನು. ತಂಪಿಗೆ ಬಂದು ಮಲಗುವವರು, ಸೈಕಲ್ ದೂಡುವವರು, ಮೀನಿನ ಬುಟ್ಟಿಯವರು. ನಿಮ್ಮ ಊರವರ ಸಂಘದವರು ನಾಟಕದ ರಾಕ್ಷಸನ ನಗು ಕಲಿತದ್ದು ಎಲ್ಲಿ? ಅಲ್ಲೇ. ಪ್ರತಿಧ್ವನಿ ಒಳ್ಳೆದುಂಟು ಅಂತ. ಎರಡು ದಡದಿಂದಲೂ ಪೊಲೀಸರು ಬಂದ್ರು."

"ಮೆಟ್ರೋ ಸಹ ಖೋರಿನ ಅಡಿಯಲ್ಲೇ ಹೋಗುವುದು ಅಂಕಲ್," ಎಂದಳು ಒಳಗಿನಿಂದ ಅಶ್ಮಿತಾ. "ಎರಡು ಕಡೆ. ಪಪ್ಪ ಎಷ್ಟು ಸಲ ಹೋಗಿದ್ದಾರೆ, ಗೊತ್ತೇ ಇಲ್ಲ ಅವರಿಗೆ."

ಗುಣಪಾಲ ಬೆವರೊರಸಿಕೊಂಡ. ಏಪ್ರಿಲ್‌ನಿಂದ ಈಚೆ ಮೆಟ್ರೋ ಹತ್ತಿದ್ದೇನೆಯೇ ಎಂದು ನೆನಪು ಮಾಡಿಕೊಂಡ. ಇಲ್ಲ. ದೈವ ದೊಡ್ಡದು.

ಇಂಥ ಧರ್ಮಸೂಕ್ಷ್ಮಕ್ಕೆ ತೀರ್ಪು ಹೇಳುವವರು ಊರಿನಲ್ಲಿ ಒಬ್ಬರೇ: ದೈವದ ಮನೆಯ ಗುರಿಕಾರ, ಎಂಬತ್ತೆರಡು ವರ್ಷದ ದ್ವಾರಕನಾಥ ಮಾವ. ಜಲಜಾಕ್ಷಿ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಮಾವ, ಹೊಳೆಯ ಅಡಿಯಿಂದ ಹೋದರೆ ಹೊಳೆ ದಾಟಿದ ಹಾಗಾ?" ಗುಣಪಾಲ ಕೇಳಿದ.

"ಹೊಳೆಯ ಅಡಿಯಿಂದ ಯಾರು ಹೋಗುವುದು? ಮೊಸಳೆಯಾ?"

"ನಾವು. ಸುರಂಗ ಉಂಟು ಇಲ್ಲಿ. ಹೊಳೆ ಮೇಲೆ, ನಾವು ಕೆಳಗೆ."

ಆಚೆಯಿಂದ ವೀಳ್ಯ ಅಗಿಯುವ ಸದ್ದು ಕೇಳಿಸಿತು. "ಜೀವ ಇದ್ದವರು ಹೋಗುತ್ತಾರಾ ಅದರಲ್ಲಿ?"

"ಜೀವ ಇದ್ದವರೇ ಮಾವ. ಟೈಲ್ಸ್ ಹಾಕಿದ್ದಾರೆ."

"ಕಾಲಿನ ಅಡಿಗೆ ನೀರು ಉಂಟಾ?"

"ಇಲ್ಲ. ಒಣ ನೆಲ."

"ತಲೆಯ ಮೇಲೆ?"

"ತಲೆಯ ಮೇಲೆ ಪೂರಾ ನೀರೇ."

ಮಾವ ಬಾಯಿಯ ರಸ ಉಗುಳಿ ಬಂದರು. ಧ್ವನಿ ಈಗ ಗುರಿಕಾರರದು. "ಕೇಳು ಗುಣಪಾಲ. ಮನುಷ್ಯ ಹೊಳೆ ದಾಟುವುದು ಅಂದರೆ ನೀರು ಅವನ ಅಡಿಗೆ ಇರಬೇಕು. ನೀರು ತಲೆಯ ಮೇಲಿಂದ ಹೋಯಿತು ಅಂದರೆ ಅದು ದಾಟಿದ್ದಲ್ಲ, ಮಿಂದದ್ದು. ಮೀಯಬಾರದು ಅಂತ ನೀನು ಹೇಳಿದ್ದೀಯಾ?"

"ಇಲ್ಲ ಮಾವ."

"ಮತ್ತೆಂತ? ಅಲ್ಲಿ ದಾಟುವುದು ಹೊಳೆ, ನಿನ್ನನ್ನು. ಹೊಳೆ ಹರಕೆ ಹೇಳಿಕೊಂಡಿಲ್ಲ. ಆದರೆ ಮೂರು ಮಾತು. ವಾಹನ ಬೇಡ, ನಡೆದೇ ಹೋಗಬೇಕು. ಬರಿಗಾಲು ನೆಲಕ್ಕೆ ತಾಗಿಯೇ ಇರಬೇಕು, ನೆಲದ ಮೇಲೆ ಇದ್ದಾಳೆ ಅಂತ ದೈವಕ್ಕೆ ಗೊತ್ತಾಗಬೇಕಲ್ಲ. ಮತ್ತೆ ದಾರಿಯಲ್ಲಿ ಒಂದು ಹನಿ ನೀರನ್ನೂ ದಾಟಬಾರದು. ದೈವದ ಮನೆಯ ಶಾಲು ಹೊದ್ದುಕೊಂಡು ಹೋಗು. ಯಾರ ಮಾತಿನ ಮೇಲೆ ಹೊರಟವ ನೀನು ಅಂತ ಗೊತ್ತಾಗಲಿ."

ಆ ಶಾಲಿಗೂ ಒಂದು ಕಥೆಯಿತ್ತು. ಹತ್ತು ವರ್ಷದ ಹಿಂದೆ, ರಜೆಗೆಂದು ಹೋದಾಗ, ನೇಮೋತ್ಸವದ ಹೊತ್ತಿನಲ್ಲಿ, ಪಾತ್ರಿಯ ಮೈಮೇಲೆ ಬಂದ ದೈವ ಊರಿನ ಧನಿಗಳನ್ನೆಲ್ಲ ಬಿಟ್ಟು, ಕೊನೆಯ ಸಾಲಿನಲ್ಲಿ ಕಡಲೆ ತಿನ್ನುತ್ತಾ ನಿಂತಿದ್ದ ಗುಣಪಾಲನನ್ನು ಕರೆದು ಜರಿಯ ಶಾಲು ಹೊದಿಸಿತ್ತು. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ದ್ವಾರಕನಾಥ ಮಾವನಿಗೂ ಗೊತ್ತಾಗಲಿಲ್ಲ. ಅಂದಿನಿಂದ ಆ ಶಾಲನ್ನು ಅವನು ಕುರ್ಚಿಯ ಮೇಲೆ ಸಹ ಇಟ್ಟವನಲ್ಲ.

"ಒಂದು ಹನಿಯೂ ಇರಲಿಕ್ಕಿಲ್ಲವಲ್ಲ, ಹರ್ಬರ್ಟ್?" ಎಂದು ಕೇಳಿದ.

ಹರ್ಬರ್ಟ್ ತಟ್ಟೆ ಕೆಳಗಿಟ್ಟ. "ಇಪ್ಪತ್ತೇಳು ವರ್ಷ ಗುಣಪಾಲ! ಒಂದು ಹನಿ! ನನ್ನ ಮರ್ಯಾದೆಯ ಪ್ರಶ್ನೆ ಅದು." ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯ ಪಕ್ಕದಲ್ಲಿ ಒಂದು ಸಣ್ಣ ದುಃಖವೂ ಇತ್ತು. ಬರುವ ತಿಂಗಳು ಅವನ ನಿವೃತ್ತಿ. ಒಮ್ಮೆಯೂ ಬಾರಿಸದ ಗಂಟೆಯನ್ನು ಬೇರೆಯವನ ಕೈಗೆ ಕೊಟ್ಟು ಹೋಗಬೇಕಲ್ಲ ಎನ್ನುವುದು ಅವನ ಚಿಂತೆ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರರ ಸಮಯ. ಜಲಜಾಕ್ಷಿ ಫೋನಿನಲ್ಲಿ ಸುತ್ತು ದಾರಿಯ ಕಥೆಯೆಲ್ಲ ಹೇಳಿ, ನಡೆಸಿಕೊಂಡು ಬರಬಹುದಾ ಎಂದು ಕೇಳಿದಾಗ ಡಾಕ್ಟರ್ ವೆಲಿಟಾ, "ನಡೆಯಲಿ, ಒಳ್ಳೆಯದು. ಅರವತ್ತೆಂಟು ಕಿಲೋಮೀಟರು ಮಾತ್ರ ಬೇಡ," ಎಂದಿದ್ದರು. ಒಂಬತ್ತಕ್ಕೆ ನಾಲ್ವರೂ ದೇರಾ ಬದಿಯ ಮೆಟ್ಟಿಲ ಹತ್ತಿರ ನಿಂತರು. ಗುಣಪಾಲ ಬಿಳಿ ಮುಂಡು ಉಟ್ಟು, ಜರಿಯ ಶಾಲು ಹೊದ್ದಿದ್ದ. ಜಲಜಾಕ್ಷಿಯ ಒಂದು ಕೈಯಲ್ಲಿ ಆಸ್ಪತ್ರೆಯ ಚೀಲ, ಇನ್ನೊಂದರಲ್ಲಿ ಗಂಜಿಯ ಫ್ಲಾಸ್ಕು. ಹರ್ಬರ್ಟ್ ಸಮವಸ್ತ್ರದಲ್ಲಿ, ಕೈಯಲ್ಲಿ ಟಾರ್ಚು. ಬೆಳಕು ಬೇಕಾದಷ್ಟಿದ್ದರೂ ಟಾರ್ಚು. ಅಪ್ಪ ಮಗಳು ಚಪ್ಪಲಿ ಬಿಚ್ಚಿ, ಮೊದಲ ಮೆಟ್ಟಿಲಿನ ಬದಿಯಲ್ಲಿ ಜೋಡಿಸಿಟ್ಟರು.

"ಯಾರಾದ್ರೂ ಕದ್ದುಕೊಂಡು ಹೋದ್ರೆ?" ಅಶ್ಮಿತಾ ಕೇಳಿದಳು.

"ದೈವ ನೋಡಿಕೊಳ್ತದೆ."

"ದೈವಕ್ಕೆ ಎಷ್ಟು ಕೆಲಸ ಪಪ್ಪಾ. ನಾನು, ಮಗು, ಈಗ ಚಪ್ಪಲಿ."

ಇಳಿದರು. ಉದ್ದದ, ಬೆಳ್ಳನೆಯ, ತಣ್ಣನೆಯ ದಾರಿ. ಕಣ್ಣಿಗೆ ಕಾಣುವ ತನಕ ಟ್ಯೂಬ್‌ಲೈಟು. ನೆಲ ಮೆಲ್ಲನೆ ತಗ್ಗಾಗುತ್ತಾ ಹೋಗಿ, ನಡುವಿನಿಂದ ಆಚೆ ಮೆಲ್ಲನೆ ಏರುತ್ತಿತ್ತು. ಗೋಡೆಯ ಆಚೆಯಿಂದ ಕಾರುಗಳ ಗುಂಯ್‌ಗುಡುವ ಸದ್ದು. ತಲೆಯ ಮೇಲೆ ಹೊಳೆ, ಹೊಳೆಯ ಮೇಲೆ ಹಡಗು, ಹಡಗಿನ ಮೇಲೆ ಆಕಾಶ. ಎಲ್ಲದರ ಅಡಿಯಲ್ಲಿ ಒಂದು ಹೊಟ್ಟೆ, ಹೊಟ್ಟೆಯೊಳಗೆ ನೀರು, ನೀರೊಳಗೆ ಒಂದು ಜೀವ. ಯಾರು ಯಾರನ್ನು ದಾಟುತ್ತಿದ್ದಾರೆ ಎನ್ನುವುದು ಮೇಲಿರುವವನಿಗೆ ಮಾತ್ರ ಗೊತ್ತು ಎಂದುಕೊಂಡು, ಗುಣಪಾಲ ಒಂದೊಂದೇ ಹೆಜ್ಜೆಗೆ ಒಂದೊಂದು ದೈವದ ಹೆಸರು ಹೇಳುತ್ತಾ ನಡೆದ. ಎದುರಿನಿಂದ ಸೈಕಲ್ ದೂಡಿಕೊಂಡು ಬರುತ್ತಿದ್ದ ಪಠಾಣನೊಬ್ಬ ಈ ಮೆರವಣಿಗೆ ನೋಡಿ, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.

ಸುರಂಗದ ಅತಿ ತಗ್ಗಿನ ಜಾಗಕ್ಕೆ ಬಂದರು. "ಇದೇ ಮಧ್ಯ," ಎಂದ ಹರ್ಬರ್ಟ್, ದೇವಾಲಯ ತೋರಿಸುವವನ ಹಾಗೆ. "ನೀರು ಬಂದರೆ ಮೊದಲು ಬರುವುದು ಇಲ್ಲಿಗೇ."

ಅಶ್ಮಿತಾ ನಿಂತಳು. ಗೋಡೆಗೆ ಕೈಯೂರಿದಳು.

"ಪಪ್ಪಾ," ಎಂದಳು.

ಗುಣಪಾಲ ತಿರುಗಿ ನೋಡುವಷ್ಟರಲ್ಲಿ ಬಿಳಿ ಟೈಲ್ಸಿನ ಮೇಲೆ ನೀರು ಹರಡುತ್ತಿತ್ತು. ಅವಳ ಪಾದದ ಸುತ್ತ, ಹಿಂದೆ, ಮುಂದೆ, ಈ ಗೋಡೆಯಿಂದ ಆ ಗೋಡೆಯ ತನಕ.

ಹರ್ಬರ್ಟನ ಟಾರ್ಚು ಆ ನೀರಿನ ಮೇಲೆ ಬಿತ್ತು. ಇಪ್ಪತ್ತೇಳು ವರ್ಷ ಅವನ ಎದೆಯೊಳಗೆ ಕಾದಿದ್ದ ಸ್ವರ ಒಮ್ಮೆಲೇ ಹೊರಗೆ ಬಂತು. "ಅರೇ ಸಾಯ್ಬಾ! ಬಂತು! ಬಂತು! ಲೀಕ್! ಓಡಿ!"

"ಹರ್ಬರ್ಟಣ್ಣಾ!" ಜಲಜಾಕ್ಷಿ ಕೂಗಿದಳು. "ಅದು ಖೋರ್ ಅಲ್ಲ ಮಾರಾಯ್ರೆ, ನಮ್ಮ ಹುಡುಗಿದು!"

ಆದರೆ ಹರ್ಬರ್ಟ್ ಆಗಲೇ ಓಡಿಯಾಗಿತ್ತು. ಗೋಡೆಯ ಕೆಂಪು ಪೆಟ್ಟಿಗೆಯ ಗಾಜು ಒಡೆದ ಸದ್ದು, ಅದರ ಹಿಂದೆಯೇ ಗಂಟೆ. ಏನು ಗಂಟೆ ಅದು! ಗೋಡೆಯ ಆಚೆಯ ಕಾರುಗಳ ಸದ್ದು ಒಂದೊಂದಾಗಿ ನಿಂತಿತು. ರಾಕ್ಷಸನ ನಗು ಕಲಿತ ಜಾಗದಲ್ಲಿ ಗಂಟೆಯ ಸ್ವರ ಹೋಗಿ ಬಂದು, ಹೋಗಿ ಬಂದು, ನೂರು ಗುಡಿಗಳಲ್ಲಿ ಒಟ್ಟಿಗೆ ಮಂಗಳಾರತಿ ಆದ ಹಾಗಾಯಿತು.

ಗುಣಪಾಲ ಮಾತ್ರ ಅಲ್ಲಾಡಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು. ಒಂದು ಹನಿ ನೀರನ್ನೂ ದಾಟಬಾರದು. ಮುಂದೆ ಆಸ್ಪತ್ರೆ, ಹಿಂದೆ ಮನೆ. ಎರಡೂ ಕಡೆಗೆ ಗೇಣಗಲದ ನೀರು ಅಡ್ಡ. ನಲವತ್ತು ಜನರ ಏಳು ತಿಂಗಳು, ಬರ್ಶಾದ ಅಷ್ಟು ನಿಲುಗಡೆಗಳು, ಎಲ್ಲ ಈ ಗೇಣಿಗೆ ಬಂದು ನಿಂತಿತ್ತು.

"ಪಪ್ಪಾ, ನೋವು ಶುರುವಾಯ್ತು," ಅಶ್ಮಿತಾ ಹಲ್ಲು ಕಚ್ಚಿ ಹೇಳಿದಳು. "ಇದನ್ನು ದಾಟಬೇಕಾ, ಬೇಡವಾ? ಬೇಗ ಹೇಳಿ. I can't jump."

"ದಾಟು ಮಗಾ, ಅಪ್ಪನಿಗೆ ಮರುಳು," ಎಂದಳು ಜಲಜಾಕ್ಷಿ.

"ಅಮ್ಮ ಇರು. ಪಪ್ಪ ಹೇಳಲಿ."

ಆ ಮಾತು ಗುಣಪಾಲನಿಗೆ ತಾಗಿತು. ಇಷ್ಟು ದಿನ ಬೈದಳು, ಅತ್ತಳು, ನಕ್ಕಳು. ಒಮ್ಮೆಯೂ ಅವನ ಮಾತು ಮುರಿಯಲಿಲ್ಲ. ಹರಕೆ ಹೇಳಿದ್ದು ತಾನು, ಹೊತ್ತದ್ದು ಇವಳು. ನೀರನ್ನು ನೋಡಿದ. ಅದು ಖೋರಿನದಲ್ಲ, ಶಾಂಭವಿಯದಲ್ಲ. ಆ ಮಗು ಇಷ್ಟು ತಿಂಗಳು ಮಿಂದ ನೀರು. ಯಾವ ಜೀವಕ್ಕಾಗಿ ಮಾತು ಕೊಟ್ಟನೋ ಆ ಜೀವ ಹೊರಟು, ಬಾಗಿಲಲ್ಲಿ ನೀರು ಚೆಲ್ಲಿತ್ತು, ಅಷ್ಟೇ.

ಗುಣಪಾಲ ಹೆಗಲ ಮೇಲಿನ ಶಾಲು ತೆಗೆದ. ಕುರ್ಚಿಯ ಮೇಲೂ ಇಡದ ಶಾಲು. ಮೊಣಕಾಲೂರಿ ಕೂತು ನೆಲ ಒರಸಿದ. ಮೊದಲು ಅವಳ ಪಾದ, ಆಮೇಲೆ ಪಾದದ ಮುಂದೆ, ಆಮೇಲೆ ಗೋಡೆಯಿಂದ ಗೋಡೆಗೆ. ಜರಿ ಟೈಲ್ಸಿಗೆ ಉಜ್ಜಿ ಕರಕರ ಎಂದಿತು. ಕೈಯಿಂದ ಮುಟ್ಟಿ ನೋಡಿದ. ಇನ್ನೊಮ್ಮೆ ಒರಸಿದ.

"ನಡೆ ಮಗಾ," ಎಂದ. "ಒಣಗಿತು."

ಅವಳು ಹೆಜ್ಜೆಯಿಟ್ಟಳು.

ಅಷ್ಟು ಹೊತ್ತಿಗೆ ಬರ್ ದುಬೈ ಬದಿಯಿಂದ ಬೂಟುಗಳ ಸದ್ದು. ಹನ್ನೊಂದು ಮಂದಿ ಅಗ್ನಿಶಾಮಕದವರು, ತೋಳಿನಷ್ಟು ದಪ್ಪದ ಪೈಪು, ಎರಡು ಪಂಪು, ಒಂದು ರಬ್ಬರ್ ದೋಣಿ, ಕೊನೆಗೆ ಸ್ಟ್ರೆಚರ್ ದೂಡುವ ಇಬ್ಬರು. ಮುಂದಾಳು ಅಬ್ದುಲ್ಲ ಎಂಬ ಅಧಿಕಾರಿ. ಎದೆಯ ಮೇಲೆ ಹೆಸರಿತ್ತು. ಅವನು ನೆಲ ನೋಡಿದ, ಮಾಡು ನೋಡಿದ, ಗೋಡೆ ನೋಡಿದ. ಎಲ್ಲ ಒಣ. "ಪಾನಿ ಕಹಾಂ ಹೈ?" ಎಂದು ಗುಡುಗಿದ.

ಗುಣಪಾಲ ಒದ್ದೆ ಶಾಲು ಎತ್ತಿ ತೋರಿಸಿದ.

"ಖಲಾಸ್," ಎಂದ.

ಅಬ್ದುಲ್ಲ ಶಾಲು ನೋಡಿದ. ಹುಡುಗಿಯ ಹೊಟ್ಟೆ ನೋಡಿದ. ನಾಲ್ಕು ಮಕ್ಕಳ ತಂದೆಯಿರಬೇಕು. ಕೈ ಬೀಸಿ ಸ್ಟ್ರೆಚರ್ ಮುಂದಕ್ಕೆ ಕರೆದ. ಅಶ್ಮಿತಾ ತಲೆಯಾಡಿಸಿದಳು. "ಇಲ್ಲ. ನಡೆದೇ. ಕಾಲು ನೆಲಕ್ಕೆ ತಾಗಬೇಕು." ಹಿಂದಿಯಲ್ಲಿ ಹೇಳಿದಳು, ಇಂಗ್ಲಿಷಿನಲ್ಲಿ ಹೇಳಿದಳು. ಯಾವ ಭಾಷೆಯಲ್ಲೂ ಅದಕ್ಕೆ ಅರ್ಥವಿರಲಿಲ್ಲ. ಆದರೆ ಹೆರುವ ಹೆಂಗಸಿನ ಹತ್ತಿರ ವಾದ ಮಾಡುವ ಧೈರ್ಯ ಯಾವ ದೇಶದ ಅಗ್ನಿಶಾಮಕದವನಿಗೂ ಇಲ್ಲ. ಹಾಗೆ, ದೈವದ ಭಂಡಾರದ ಮೆರವಣಿಗೆ ಹೊರಟ ಹಾಗೆ, ಎದುರಿಗೆ ಆರು ಮಂದಿ, ಹಿಂದೆ ಐದು ಮಂದಿ, ಪಕ್ಕದಲ್ಲಿ ಖಾಲಿ ಸ್ಟ್ರೆಚರ್, ತಲೆಯ ಮೇಲೆ ಎತ್ತಿದ ರಬ್ಬರ್ ದೋಣಿ, ಗಂಟೆಯ ನಾದ. ನಡುವೆ ಬರಿಗಾಲ ಹುಡುಗಿ, ಅಪ್ಪನ ಭುಜ ಹಿಡಿದು, ನೋವು ಬಂದಾಗ ನಿಂತು, ನೋವು ಹೋದಾಗ ನಡೆದು, ಹೊಳೆಯ ಅಡಿಯಿಂದ ಏರಿ ಬಂದಳು.

ಹನ್ನೊಂದೂ ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ಹೆಣ್ಣುಮಗು. ಅತ್ತ ಸ್ವರ ಕಾರಿಡಾರಿನ ತನಕ ಕೇಳಿಸಿತು. ಗುಣಪಾಲ ಗೋಡೆಗೆ ಒರಗಿ, ಒದ್ದೆ ಶಾಲನ್ನು ಎದೆಗೆ ಅವುಚಿಕೊಂಡು ಕೂತ.

ಆಮೇಲೆ ಮಾವನಿಗೆ ಫೋನು ಮಾಡಿ, ಮುಚ್ಚಿಡದೆ ಎಲ್ಲ ಹೇಳಿದ. ನೀರು ಬಂದದ್ದನ್ನೂ ಹೇಳಿದ.

"ದಾಟಿದಳಾ?"

"ಒರಸಿದ ಮೇಲೆ."

"ಎಂತದರಲ್ಲಿ ಒರಸಿದೆ?"

"ದೈವದ ಶಾಲಿನಲ್ಲಿ ಮಾವ. ತಪ್ಪಾಗಿದ್ದರೆ ನನ್ನ ತಲೆಯ ಮೇಲಿರಲಿ."

ವೀಳ್ಯದ ಸದ್ದು ನಿಂತಿತು. ಆಮೇಲೆ ಮುದುಕನ ಸ್ವರ ಬಂತು: "ಅಷ್ಟು ಜನ ಇದ್ದರಲ್ಲ ಅವತ್ತು, ಗುಣಪಾಲ. ನಿನಗೇ ಯಾಕೆ ಶಾಲು ಕೊಟ್ಟಿತು ಅಂತ ನಾನು ಹತ್ತು ವರ್ಷ ಯೋಚನೆ ಮಾಡಿದ್ದೇನೆ. ಇವತ್ತು ಗೊತ್ತಾಯಿತು. ಬಾಣಂತಿಗೆ ಶುಂಠಿ ಕಷಾಯ ಕೊಡಿ."

ಹರ್ಬರ್ಟನಿಗೆ ಕಂಪೆನಿಯಿಂದ ಮೆಮೋ ಬಂತು. ಎರಡೂ ದಡದ ವಾಹನಗಳನ್ನು ಇಪ್ಪತ್ತೆರಡು ನಿಮಿಷ ನಿಲ್ಲಿಸಿದ್ದು ಯಾಕೆ ಎಂದು ಬರೆದುಕೊಡಬೇಕಿತ್ತು. ಅವನು ಎಲ್ಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೆಂದದ ಅಕ್ಷರದಲ್ಲಿ ಬರೆದ: ನೀರು ಕಂಡದ್ದು ಹೌದು. ಪ್ರಮಾಣ, ಒಂದು ಶಾಲು. ಈಗಿನ ಸ್ಥಿತಿ, ತಾಯಿ ಮಗು ಕ್ಷೇಮ.

ಸಂಜೆಗೆ ರೋಷನ್ ಮದೀನತ್ ಜಾಯೆದ್‌ನಿಂದ ಓಡೋಡಿ ಬಂದ. ಬಂದವನು ಮಗುವನ್ನು ನೋಡಿ, ಹೆಂಡತಿಯ ಪಾದ ನೋಡಿ, "ಚಪ್ಪಲಿ ಎಲ್ಲಿ ಇವಳದು?" ಎಂದ. ಆಗ ನೆನಪಾಯಿತು. ಗುಣಪಾಲ ಎದ್ದು ಹೊರಟ. ಸುರಂಗದಲ್ಲಿ ಒಬ್ಬನೇ ನಡೆದು ಹೋಗಿ ನೋಡಿದರೆ, ದೇರಾದ ಮೊದಲ ಮೆಟ್ಟಿಲಿನಲ್ಲಿ ಎರಡು ಜೊತೆ ಚಪ್ಪಲಿಯೂ ಇಟ್ಟಲ್ಲೇ ಇದ್ದವು. ಅವುಗಳ ಪಕ್ಕದಲ್ಲಿ ಬೇರೆ ಯಾರೋ ಐದಾರು ಜೊತೆ ಬಿಚ್ಚಿಟ್ಟು ಕೆಳಗೆ ಹೋಗಿದ್ದರು. ಇಲ್ಲಿ ಬಿಚ್ಚಬೇಕು ಎಂದುಕೊಂಡಿರಬೇಕು.

ತನ್ನದನ್ನು ಮೆಟ್ಟಿಕೊಂಡು, ಮಗಳದನ್ನು ಕೈಯಲ್ಲಿ ಹಿಡಿದು, ಮೊಹಮ್ಮದನಿಗೆ ಫೋನು ಮಾಡಿದ. "ನಾಳೆಯಿಂದ ಬಸ್ಸು ಸೇತುವೆ ಮೇಲೆ ಹೋಗಲಿ."

"ಟ್ರಾಫಿಕ್ ಖಲಾಸಾ, ಸಾಬ್?"

"ಖಲಾಸ್. ಎರಡು ಕಿಲೋ ಒಂಬೈನೂರು ಗ್ರಾಂ ಇತ್ತು."

ಆಸ್ಪತ್ರೆಗೆ ವಾಪಸು ಹೋಗಲಿಕ್ಕೆ ಸುರಂಗ ಕಾಲಬುಡದಲ್ಲೇ ಇತ್ತು. ಗುಣಪಾಲ ಅದನ್ನು ಬಿಟ್ಟು, ದಡದುದ್ದಕ್ಕೆ ನಡೆದು, ದೋಣಿಕಟ್ಟೆಗೆ ಹೋದ. ಜನ ತುಂಬಿದ ಅಬ್ರಾ ದೋಣಿ ಹೊರಡುವುದರಲ್ಲಿತ್ತು. ಹಾರಿ ಕೂತ. ದೋಣಿ ನಡುನೀರಿಗೆ ಬಂದಾಗ, ಇದರ ಅಡಿಯಲ್ಲೇ ಎಲ್ಲೋ ಎಂದುಕೊಂಡು ಬಗ್ಗಿದ. ಏಳು ತಿಂಗಳು ಮುಟ್ಟದ ನೀರನ್ನು ಬೊಗಸೆಯಲ್ಲಿ ಎತ್ತಿ ತಲೆಗೆ ಪ್ರೋಕ್ಷಿಸಿಕೊಂಡ. ಎರಡು ಹನಿ ಮಗಳ ಚಪ್ಪಲಿಯ ಮೇಲೂ ಬಿತ್ತು. ಅವನು ಅದನ್ನು ಒರಸಲಿಲ್ಲ.